ಇಪ್ಪತ್ತಾರು ಕೀಲಿಗಳು, ಎರಡು ಲಿಪಿಗಳು

ಕೀಲಿಮಣೆಯನ್ನು ಬದಲಿಸಲು ಹೊರಟವರು ಜಗತ್ತಿನಲ್ಲಿ ಬಹಳ ಮಂದಿ. ಅಮೆರಿಕದ ಕ್ರಿಸ್ಟೋಫರ್ ಶೋಲ್ಸ್ ರೂಪಿಸಿದ ಬೆರಳಚ್ಚು ಯಂತ್ರ ಮಾರುಕಟ್ಟೆಗೆ ಬಂದದ್ದು 1874ರಲ್ಲಿ. ಇಂದು ಕಂಪ್ಯೂಟರಿನ ಮೇಲೆ ಕಾಣುವ ಕ್ಯೂ, ಡಬ್ಲ್ಯೂ, ಇ, ಆರ್, ಟಿ, ವೈ ಎಂಬ ಸಾಲು ಆ ಯಂತ್ರದ ಬಳುವಳಿ. ಬೆರಳುಗಳಿಗೆ ಈ ಸಾಲು ಸುಖವಲ್ಲವೆಂದು ಪ್ರಾಧ್ಯಾಪಕ ಆಗಸ್ಟ್ ಡ್ವೊರಾಕ್ 1936ರಲ್ಲಿ ಬೇರೆಯದೇ ಜೋಡಣೆಗೆ ಪೇಟೆಂಟ್ ಪಡೆದರು. ಮೌಸ್ ಅನ್ನು ಕೊಟ್ಟ ಡಗ್ಲಸ್ ಎಂಗೆಲ್‌ಬಾರ್ಟ್ 1968ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಐದೇ ಕೀಲಿಗಳ ಪುಟ್ಟ ಮಣೆಯೊಂದನ್ನು ತೋರಿಸಿದರು. ಹಾರ್ಮೋನಿಯಂ ನುಡಿಸುವವರ ಹಾಗೆ ಎರಡು ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಲ್ಲಿ ಒಂದು ಅಕ್ಷರ. ಇಂಗ್ಲೆಂಡಿನ ಲಿಲಿಯನ್ ಮಾಲ್ಟ್ 1970ರ ದಶಕದಲ್ಲಿ ಬೆರಳುಗಳ ಉದ್ದಕ್ಕೆ ತಕ್ಕಂತೆ ಬಟ್ಟಲಿನಂತೆ ತಗ್ಗಿಸಿದ ಮಾಲ್ಟ್ರಾನ್ ಮಣೆಯ ವಿನ್ಯಾಸದಲ್ಲಿ ತೊಡಗಿದರು. ಇವುಗಳಲ್ಲಿ ಯಾವುದೂ ಹಳೆಯ ಸಾಲನ್ನು ಅಲುಗಾಡಿಸಲಿಲ್ಲ. ಒಮ್ಮೆ ಕೈಗೆ ಹತ್ತಿದ ರೂಢಿಯನ್ನು ಬಿಡಿಸುವುದು ಸುಲಭವಲ್ಲ.

ಇದೆಲ್ಲ ಇಪ್ಪತ್ತಾರು ಅಕ್ಷರಗಳವರ ಚಿಂತೆಯಾಯಿತು. ನಮ್ಮ ಚಿಂತೆಯೇ ಬೇರೆ. ಕನ್ನಡದ ವ್ಯಂಜನಗಳಿಗೆ ಕಾಗುಣಿತ ಬರೆದರೇ ನಾನೂರಕ್ಕೂ ಹೆಚ್ಚು ರೂಪಗಳಾಗುತ್ತವೆ. ಒತ್ತಕ್ಷರಗಳನ್ನು ಸೇರಿಸಿದರೆ ಲೆಕ್ಕ ಸಾವಿರಗಳನ್ನು ದಾಟುತ್ತದೆ. ಉರ್ದುವಿನಲ್ಲಿ 'ಬೇ' ಎಂಬ ಒಂದೇ ಅಕ್ಷರ ಪದದ ಆರಂಭದಲ್ಲಿ ಒಂದು ಮುಖ, ನಡುವೆ ಇನ್ನೊಂದು, ಕೊನೆಯಲ್ಲಿ ಮತ್ತೊಂದು ಮುಖ ತೋರಿಸುತ್ತದೆ. ನಾವು ಉರ್ದು ಶಾಲೆಯಲ್ಲಿ ಅಲಿಫ್, ಬೇ ತಿದ್ದಿ, ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮಕ್ಕೆ ಬಂದವರು. ಹೀಗಾಗಿ ಈ ಎರಡು ಲಿಪಿಗಳು ಒಂದು ಪರದೇಶಿ ಮಣೆಯೊಳಗೆ ಜಾಗ ಮಾಡಿಕೊಂಡ ಕಥೆ ನಮಗೆ ಮನೆಯ ಕಥೆಯೇ.

ಕನ್ನಡ ಬೆರಳಚ್ಚು ಯಂತ್ರದವರು ಅಕ್ಷರಗಳನ್ನು ಚೂರುಗಳಾಗಿ ಒಡೆದು ಕೀಲಿಗಳಿಗೆ ಹಂಚಿದ್ದರು. ಚೂರುಗಳನ್ನು ಜೋಡಿಸುವ ಶ್ರಮವೆಲ್ಲ ಬೆರಳಚ್ಚುಗಾರರದು. ಕಂಪ್ಯೂಟರ್ ಬಂದ ಮೇಲೆ ಈ ಹೊರೆಯನ್ನು ಯಂತ್ರಕ್ಕೆ ದಾಟಿಸಲು ಸಾಧ್ಯವಾಯಿತು. ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಇನ್‌ಸ್ಕ್ರಿಪ್ಟ್ ಎಂಬ ವಿನ್ಯಾಸವನ್ನು ತಂದಿತು. ಸ್ವರಗಳೆಲ್ಲ ಎಡಗೈಗೆ, ವ್ಯಂಜನಗಳು ಬಲಗೈಗೆ. ಬ್ರಾಹ್ಮಿಯಿಂದ ಹುಟ್ಟಿದ ಲಿಪಿಗಳಿಗೆಲ್ಲ ಒಂದೇ ಜಾಗ. ಕನ್ನಡದ 'ಕ' ಇರುವ ಕೀಲಿಯಲ್ಲೇ ಹಿಂದಿಯ, ಬಂಗಾಳಿಯ 'ಕ' ಕೂಡ. ಒಂದು ಭಾಷೆಯಲ್ಲಿ ಕೈ ಪಳಗಿದರೆ ಇನ್ನೊಂದು ತಾನಾಗಿ ಬರುತ್ತದೆ. ಆದರೆ ಉರ್ದುವಿನ ಲಿಪಿ ಈ ಬಳಗದ್ದಲ್ಲ.

ಇನ್ನೊಂದು ದಾರಿ ತೋರಿದವರು ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ.ಪಿ. ರಾವ್. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ, ಮುದ್ರಣ ತಂತ್ರಜ್ಞಾನದ ಮೋನೋಟೈಪ್ ಕಂಪೆನಿಯಲ್ಲೂ ದುಡಿದವರು. ಅವರು ಇಂಗ್ಲಿಷ್ ಮಣೆಯನ್ನು ಮುಟ್ಟಲಿಲ್ಲ, ಅದರ ಒಳಗಿನ ತರ್ಕವನ್ನು ಬದಲಿಸಿದರು. 'ಕೆ' ಒತ್ತಿದರೆ ಕ, ಶಿಫ್ಟ್ ಜೊತೆ ಒತ್ತಿದರೆ ಖ. 'ಐ' ಒಂಟಿಯಾಗಿ ಬಂದರೆ ಇ, ಕಕಾರದ ಹಿಂದೆ ಬಂದರೆ ಕಿ. ಸ್ವರಕ್ಕೊಂದು, ಅದರ ಗುಣಿತದ ಚಿಹ್ನೆಗೊಂದು ಎಂದು ಬೇರೆ ಕೀಲಿ ಬೇಕಿಲ್ಲ. ಒತ್ತಕ್ಷರಕ್ಕೆ ನಡುವೆ 'ಎಫ್' ಸಾಕು. 'ಅಮ್ಮ' ಎಂದು ಬರೆಯಲು ನಾಲ್ಕೇ ಒತ್ತು. ನಾವು ಬಾಯಲ್ಲಿ ಕಾಗುಣಿತ ಹೇಳುವ ಕ್ರಮದಲ್ಲೇ ಬೆರಳು ನಡೆಯುತ್ತದೆ, ಆಕಾರದ ಗೊಡವೆಯನ್ನು ಯಂತ್ರ ನೋಡಿಕೊಳ್ಳುತ್ತದೆ. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ 'ಸೇಡಿಯಾಪು' ಎಂದು ಹೆಸರಿಟ್ಟ ತಂತ್ರಾಂಶವನ್ನು ರಾಯರು ಕನ್ನಡಿಗರಿಗೆ ಉಚಿತವಾಗಿ ಕೊಟ್ಟರು. ಮುಂದೆ ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ ನಿಂತದ್ದು ಇದೇ ವಿನ್ಯಾಸದ ಮೇಲೆ.

ಉರ್ದುವಿನ ಕಥೆಯಲ್ಲೂ ಮೋನೋಟೈಪ್ ಬರುತ್ತದೆ. ನಸ್ತಾಲಿಕ್ ಬರವಣಿಗೆ ಸಾಲಿನಲ್ಲಿ ನೇರವಾಗಿ ಕೂರುವುದಿಲ್ಲ, ಮೇಲಿನಿಂದ ಓರೆಯಾಗಿ ಇಳಿಯುತ್ತದೆ. ಅದನ್ನು ಅಚ್ಚಿನ ಮೊಳೆಗೆ ಒಗ್ಗಿಸಲಾಗದೆ ಉರ್ದು ಪತ್ರಿಕೆಗಳನ್ನು ಕಾತಿಬರು ಕೈಯಲ್ಲೇ ಬರೆಯುತ್ತಿದ್ದರು. ಕರಾಚಿಯ ಮಿರ್ಜಾ ಅಹ್ಮದ್ ಜಮೀಲ್ ಕೂಡಕ್ಷರಗಳನ್ನು ಸಾವಿರ ಸಾವಿರ ಸಂಖ್ಯೆಯಲ್ಲಿ ಬರೆದು ಮೋನೋಟೈಪ್ ಯಂತ್ರಕ್ಕೆ ಕೊಟ್ಟರು. ತಂದೆಯ ಹೆಸರಿನಲ್ಲಿ ಅದಕ್ಕೆ 'ನೂರಿ ನಸ್ತಾಲಿಕ್' ಎಂದು ಕರೆದರು. 1981ರಲ್ಲಿ ಲಾಹೋರಿನ 'ಜಂಗ್' ದಿನಪತ್ರಿಕೆ ಆ ಅಕ್ಷರಗಳಲ್ಲಿ ಹೊರಬಂತು. 1994ರಲ್ಲಿ ದಿಲ್ಲಿಯಲ್ಲಿ ಹುಟ್ಟಿದ 'ಇನ್‌ಪೇಜ್' ಅದನ್ನು ಸಣ್ಣ ಅಂಗಡಿಗಳ ಮೇಜಿಗೂ ತಲುಪಿಸಿತು. ಅಲ್ಲೂ ಅದೇ ಉಪಾಯ: 'ಬಿ' ಒತ್ತಿದರೆ ಬೇ, ಯಾವ ಮುಖ ಎಂಬುದನ್ನು ಯಂತ್ರ ತೀರ್ಮಾನಿಸುತ್ತದೆ.

ಎರಡರಲ್ಲೂ ಬರೆಯುವ ನಮ್ಮಂಥವರ ಬೆರಳು ಆಗಾಗ ದಾರಿ ತಪ್ಪುತ್ತದೆ. ಉರ್ದುವಿನಲ್ಲಿ ಶಿಫ್ಟ್ ಜೊತೆ 'ಟಿ' ಒತ್ತಿದರೆ ಟ, ರಾಯರ ಮಣೆಯಲ್ಲಿ ಅದೇ ಒತ್ತು ಥ. ನಮ್ಮ ಎಷ್ಟೋ ಕಥೆಗಳಲ್ಲಿ ಟೋಪಿಗಳು 'ಥೋಪಿ'ಗಳಾಗಿ ಅಚ್ಚಿಗೆ ಹೊರಟದ್ದುಂಟು.

ಆದರೆ ನಗು ಬಾರದ ಸಂಗತಿಯೂ ಇದೆ. ನಮ್ಮೂರಿನಲ್ಲಿ ಮದುವೆ ಕಾರ್ಡು, ಮದರಸದ ಪ್ರಮಾಣಪತ್ರಗಳನ್ನು ಬರೆಯುತ್ತಿದ್ದ ಕಾತಿಬ್ ಸಾಹೇಬರೊಬ್ಬರಿದ್ದರು. ಇನ್‌ಪೇಜ್ ಬಂದ ಮೇಲೆ ಕಲಮಿಗೆ ಕೆಲಸ ಕಡಿಮೆಯಾಯಿತು. ಅರವತ್ತು ದಾಟಿದ ಮೇಲೆ ಡಿಟಿಪಿ ಅಂಗಡಿಗೆ ಬಂದು ಕುಳಿತರು. ಇಂಗ್ಲಿಷ್ ಅಕ್ಷರ ಅವರಿಗೆ ಗೊತ್ತಿರಲಿಲ್ಲ. "ಬೇಟಾ, ಜೀಮ್ ಯಾವ ಮನೆಯಲ್ಲಿದೆ?" ಎಂದು ಅಂಗಡಿಯ ಹುಡುಗನನ್ನು ಕೇಳುತ್ತಿದ್ದರು. ಅವನು ಕಾಗದದ ಚೂರುಗಳ ಮೇಲೆ ಉರ್ದು ಅಕ್ಷರ ಬರೆದು ಕೀಲಿಗಳಿಗೆ ಅಂಟಿಸಿಕೊಟ್ಟ. ಸುಂದರ ಅಕ್ಷರದ ಆ ಮುದುಕರು ಹುಡುಗನ ಸೊಟ್ಟ ಅಕ್ಷರ ನೋಡಿಕೊಂಡು ಬೆರಳಿಡುವುದನ್ನು ನಾವು ಕಂಡಿದ್ದೇವೆ.

ಧ್ವನಿಯ ಮಣೆಯ ದೊಡ್ಡ ಗುಣವೇ ಅದರ ಕೊರತೆಯೂ ಹೌದು ಎಂದು ಅಂದು ಅರ್ಥವಾಯಿತು. ಇಂಗ್ಲಿಷ್ ಬಲ್ಲವರಿಗೆ ಅದು ಹತ್ತು ನಿಮಿಷದ ಪಾಠ. ಬಾರದವರಿಗೆ ಸ್ವಂತ ಭಾಷೆ ಬರೆಯಲು ಇನ್ನೊಂದು ಭಾಷೆಯ ಅಕ್ಷರಮಾಲೆಯನ್ನು ದಾಟಿ ಬರಬೇಕು. ಇನ್‌ಸ್ಕ್ರಿಪ್ಟ್ ಕಲಿಯಲು ಕಷ್ಟವೆಂದು ನಾವೆಲ್ಲ ಬದಿಗಿಟ್ಟೆವು. ಅದು ಆ ಸುಂಕ ಕೇಳುವುದಿಲ್ಲ ಎಂಬುದನ್ನು ಗಮನಿಸಲಿಲ್ಲ.

ಮತ್ತೊಂದು ನಷ್ಟವನ್ನೂ ಹೇಳಬೇಕು. 2003ರ ಸುಮಾರಿಗೆ ಹಳೆಯ ಫಾಂಟಿನಲ್ಲಿ ಬೆರಳಚ್ಚಿಸಿಟ್ಟ ನಮ್ಮ ಕಥೆಗಳನ್ನು ಈಚೆಗೆ ತೆರೆದರೆ ಅರ್ಥವಿಲ್ಲದ ಗುರುತುಗಳ ರಾಶಿ. ಕೀಲಿಗಳು ಬದಲಾಗಿರಲಿಲ್ಲ, ಒಳಗಿನ ಸಂಕೇತ ಬದಲಾಗಿತ್ತು. ಆ ಫಾಂಟುಗಳು ಇಂಗ್ಲಿಷ್ ಗುರುತುಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಕನ್ನಡಕ್ಕೂ ಉರ್ದುವಿಗೂ ತಮ್ಮದೇ ಸಂಖ್ಯೆಗಳನ್ನು ಕೊಟ್ಟ ಯೂನಿಕೋಡ್ ನೆಲೆಯೂರಿದ ಮೇಲೆ ಈ ಭಯ ಕಡಿಮೆಯಾಗಿದೆ. ಕಾತಿಬ್ ಸಾಹೇಬರು ಬರೆದ ನಮ್ಮ ಮದುವೆಯ ಕಾರ್ಡನ್ನು ಮಾತ್ರ ಇಂದಿಗೂ ಯಾವ ತಂತ್ರಾಂಶದ ಹಂಗಿಲ್ಲದೆ ಓದಬಹುದು.

ಈಗ ಕೀಲಿಮಣೆ ಮೊಬೈಲಿನ ಗಾಜಿನೊಳಗೆ ಸೇರಿದೆ. ಅಲ್ಲಿ ಕೀಲಿಗೆ ಕನ್ನಡದ ಮುಖವನ್ನೋ ಉರ್ದುವಿನ ಮುಖವನ್ನೋ ತೊಡಿಸಲು ಕಾಗದದ ಚೂರು ಬೇಕಿಲ್ಲ. ಹಾಗಿದ್ದೂ ನಮ್ಮ ಮಕ್ಕಳು 'ಅಮ್ಮ'ನನ್ನೂ 'ಅಮ್ಮಿ'ಯನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಬರೆದು ಕಳಿಸುತ್ತಾರೆ. ರಾಯರು, ಮಿರ್ಜಾ ಸಾಹೇಬರು ತೆರೆದುಕೊಟ್ಟ ಬಾಗಿಲಿಗೆ ಈಗ ಬೀಗವಿಲ್ಲ. ಒಳಗೆ ಹೋಗಬೇಕಾದವರು ನಾವೇ.