ಇದ್ದೂ ಇಲ್ಲದ ಕಾವಲು

ನೆಲದಡಿಯಲ್ಲಿ ರೈಲು ಓಡಿಸುವ ಸಾಹಸವನ್ನು ಜಗತ್ತಿನಲ್ಲಿ ಮೊದಲು ಮಾಡಿದ ಊರು ಲಂಡನ್. 1863ರ ಜನವರಿಯಲ್ಲಿ ಶುರುವಾದ ಆ ಮಾರ್ಗದ ನಿಲ್ದಾಣಗಳಲ್ಲಿ ಕಿಂಗ್ಸ್ ಕ್ರಾಸ್ ಕೂಡ ಒಂದು. ನೂರಿಪ್ಪತ್ತನಾಲ್ಕು ವರ್ಷಗಳ ಮೇಲೆ ಅದೇ ನಿಲ್ದಾಣ ಜಗತ್ತಿಗೆ ಒಂದು ಕಹಿಪಾಠ ಕಲಿಸಿತು.

1987ರ ನವೆಂಬರ್ 18, ಬುಧವಾರ. ಸಂಜೆ ಏಳೂವರೆ, ಜನ ಕೆಲಸ ಮುಗಿಸಿ ಮನೆಗೆ ಮರಳುವ ಹೊತ್ತು. ಮರದ ಮೆಟ್ಟಿಲುಗಳ ಹಳೆಯ ಎಸ್ಕಲೇಟರ್ ಒಂದರ ಅಡಿಯಲ್ಲಿ ಸಣ್ಣ ಬೆಂಕಿ ಕಾಣಿಸಿತು. ಯಾರೋ ಗೀರಿ ಎಸೆದ ಕಡ್ಡಿ ಸಂದಿಯಿಂದ ಕೆಳಗೆ ಬಿದ್ದಿರಬೇಕು ಎಂದು ಆಮೇಲಿನ ವಿಚಾರಣೆ ತೀರ್ಮಾನಿಸಿತು. ನೆಲದಡಿಯ ನಿಲ್ದಾಣಗಳಲ್ಲಿ ಧೂಮಪಾನ 1985ರಲ್ಲೇ ನಿಷೇಧವಾಗಿತ್ತು. ಆದರೂ ಮೇಲೇರುವಾಗಲೇ ಸಿಗರೇಟು ಹಚ್ಚುವವರು ಇದ್ದೇ ಇದ್ದರು. ಮೆಟ್ಟಿಲುಗಳ ಕೆಳಗೆ ವರ್ಷಗಟ್ಟಲೆ ಗ್ರೀಸು, ಕಸಕಡ್ಡಿ ಕೂಡಿಕೊಂಡಿತ್ತು. ಒಲೆಯ ಹಿಂದಿನ ಗೋಡೆಗೆ ಕಟ್ಟಿದ ಎಣ್ಣೆಜಿಡ್ಡು ಏನು ಮಾಡಬಲ್ಲದೆಂದು ನಮಗೆ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ.

ಪ್ರಯಾಣಿಕರು ಸುದ್ದಿ ಮುಟ್ಟಿಸಿದರು. ಸಿಬ್ಬಂದಿ ಬಂದರು, ನೋಡಿದರು. ಎಸ್ಕಲೇಟರಿನಡಿ ನೀರು ಸಿಂಪಡಿಸುವ ಸಾಧನವಿತ್ತು. ಅದನ್ನು ಬಳಸುವ ತರಬೇತಿ ಅವರಿಗಿರಲಿಲ್ಲ. ಯಾರೂ ಅದನ್ನು ಚಾಲೂ ಮಾಡಲಿಲ್ಲ. ಪೊಲೀಸರ ವೈರ್‌ಲೆಸ್ ನೆಲದಡಿ ಕೆಲಸ ಮಾಡುತ್ತಿರಲಿಲ್ಲ. ಅಗ್ನಿಶಾಮಕ ದಳಕ್ಕೆ ತಿಳಿಸಲು ಪೇದೆಯೊಬ್ಬರು ಮೇಲೆ ಹತ್ತಿ ಬರಬೇಕಾಯಿತು. ಕೆಳಗಿದ್ದವರನ್ನು ಬೇರೊಂದು ಮಾರ್ಗದ ಎಸ್ಕಲೇಟರಿನಿಂದ ಮೇಲಕ್ಕೆ ಕಳಿಸಿದರು. ಆ ದಾರಿಯೂ ಅದೇ ಟಿಕೆಟ್ ಹಾಲಿಗೆ ಸೇರುತ್ತಿತ್ತು. 7 ಗಂಟೆ 45 ನಿಮಿಷಕ್ಕೆ ಬೆಂಕಿ ಒಮ್ಮೆಲೇ ಆ ಹಾಲಿಗೆ ನುಗ್ಗಿತು. 31 ಜನ ಪ್ರಾಣ ಬಿಟ್ಟರು. ಜನರನ್ನು ಉಳಿಸಲು ಬಂದ ಅಗ್ನಿಶಾಮಕ ಅಧಿಕಾರಿ ಕಾಲಿನ್ ಟೌನ್ಸ್‌ಲಿ ಅವರೂ ಅವರಲ್ಲಿ ಒಬ್ಬರು.

ಡೆಸ್ಮಂಡ್ ಫೆನೆಲ್ ಅವರ ವಿಚಾರಣಾ ವರದಿ 1988ರಲ್ಲಿ ಹೊರಬಂತು. ಅದರಲ್ಲಿದ್ದ ಶಿಫಾರಸುಗಳು 157. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಒಂದು ಶಬ್ದ. ಆ ಸಂಸ್ಥೆಯಲ್ಲಿ ಇಂಥ ಬೆಂಕಿಯನ್ನು ಬೆಂಕಿ ಎನ್ನದೆ 'ಹೊಗೆಯಾಡುವಿಕೆ' ಎಂದು ಕರೆಯುವ ರೂಢಿಯಿತ್ತಂತೆ. ಮಡಿಲಿನ ಕೆಂಡಕ್ಕೆ ಬೇರೆ ಹೆಸರಿಟ್ಟರೆ ಅದು ಸುಡದೆ ಬಿಟ್ಟೀತೇ?

ನಿಲ್ದಾಣದಲ್ಲಿ ಅಂದು ಜನ ಇರಲಿಲ್ಲವೆಂದಲ್ಲ. ಇದ್ದವರಿಗೆ ಕಲಿಸಿರಲಿಲ್ಲ. ಎಷ್ಟೋ ಶಾಲೆಗಳ ವರಾಂಡದಲ್ಲಿ ಮರಳು ತುಂಬಿದ ಕೆಂಪು ಬಕೆಟ್ಟು ಮೊಳೆಗೆ ನೇತಾಡುತ್ತಿರುತ್ತದೆ. ಅದನ್ನು ಇಳಿಸಿ ನೋಡಿದವರು ಎಷ್ಟು ಮಂದಿ? ಕಲಿಸದೆ ನಿಲ್ಲಿಸಿದ ಕಾವಲು ಇದ್ದೂ ಇಲ್ಲದ ಹಾಗೆ. ತಪ್ಪು ಕಾವಲಿನವರದಲ್ಲ, ನಿಲ್ಲಿಸಿದವರದು.

1989ರಲ್ಲಿ ಬ್ರಿಟನ್ ನೆಲದಡಿಯ ನಿಲ್ದಾಣಗಳಿಗೆ ಕಾನೂನು ಮಾಡಿತು. ಇಂತಿಷ್ಟು ಸಿಬ್ಬಂದಿ ಇರಲೇಬೇಕು, ಅವರಿಗೆ ಬೆಂಕಿಯ ವಿಷಯದಲ್ಲಿ ತರಬೇತಿ ಕೊಡಲೇಬೇಕು ಎಂದಿತು. ಮರದ ಎಸ್ಕಲೇಟರುಗಳು ಒಂದೊಂದಾಗಿ ಹೋದವು. ಕೊನೆಯದು ಹೋದದ್ದು 2014ರಲ್ಲಿ.

ಆದರೆ ಖರ್ಚಿನ ಲೆಕ್ಕ ಹಾಕುವವರ ಕಣ್ಣಿಗೆ ಮೊದಲು ಬೀಳುವುದು ಸುಮ್ಮನೆ ನಿಂತಂತೆ ಕಾಣುವ ಮನುಷ್ಯನೇ. 2015ರಲ್ಲಿ ಅಲ್ಲಿನ ಟಿಕೆಟ್ ಕೌಂಟರುಗಳನ್ನು ಮುಚ್ಚತೊಡಗಿದರು. ಒಳಗೆ ಕೂತಿದ್ದವರು ಹೊರಗೆ ಬಂದು ಪ್ರಯಾಣಿಕರ ನಡುವೆಯೇ ಇರುತ್ತಾರೆ ಎಂದರು. ಜೊತೆಗೆ ನೂರಾರು ಹುದ್ದೆಗಳನ್ನೂ ಇಳಿಸಿದರು. ಬೇಕಾದಾಗ ಸಿಬ್ಬಂದಿ ಕೈಗೆ ಸಿಗುವುದಿಲ್ಲ ಎಂದು ಪ್ರಯಾಣಿಕರು ದೂರಿದರು. 2017ರಲ್ಲಿ, ಮುಷ್ಕರವಾದ ಮೇಲೆ, ಮುನ್ನೂರಕ್ಕೂ ಹೆಚ್ಚು ಹುದ್ದೆಗಳನ್ನು ಮತ್ತೆ ಕೊಡಲು ಒಪ್ಪಿದರು. ರಾತ್ರಿ ಒಂಟಿಯಾಗಿ ರೈಲಿನಿಂದಿಳಿದ ಹೆಣ್ಣುಮಗಳಿಗೆ ಮೂಲೆಯ ಕ್ಯಾಮೆರಾ ಕೊಡದ ಧೈರ್ಯವನ್ನು ಸಮವಸ್ತ್ರ ತೊಟ್ಟ ಒಬ್ಬ ಮನುಷ್ಯ ಕೊಡುತ್ತಾನೆ. ಅದು ಯಾವ ಲೆಕ್ಕದ ಪುಸ್ತಕದಲ್ಲೂ ಬರುವುದಿಲ್ಲ.

ಏಳೂವರೆಯಿಂದ ಏಳೂಮುಕ್ಕಾಲು. ಶಾಲೆಯ ಒಂದು ಪೀರಿಯಡ್ಡಿನ ಮೂರನೇ ಒಂದು ಪಾಲು. ಕಿಂಗ್ಸ್ ಕ್ರಾಸಿಗೆ ಅಂದು ಬೇಕಾಗಿದ್ದದ್ದು ಹೊಸ ಯಂತ್ರವಲ್ಲ. ಇದ್ದ ನೀರನ್ನು ಬಿಡಲು ಬಲ್ಲ ಒಬ್ಬರು ಸಾಕಿತ್ತು.