ಕೋಲೇಜು ಮನೆಗೆ ಬಂದ ವರ್ಷ

ಕಳುದ ವಾರ ಉಪ್ಪರಿಗೆ ಉಡುಗಿ ಚೊಕ್ಕ ಮಾಡುವಗ ಎನಗೆ ಎರಡು ಕಾಗದ ಸಿಕ್ಕಿತ್ತು. ಒಂದು, ಎನ್ನ ತಗಡಿನ ಪೆಟ್ಟಿಗೆಯ ಅಡಿಲಿ ಇದ್ದ ಪಾಠದ ಕಟ್ಟ. ಮೈಸೂರು ವಿಶ್ವವಿದ್ಯಾನಿಲಯಂದ ಅಂಚೆಲಿ ಬಂದದು. ಕಟ್ಟಿದ ದಾರ ಹಾಂಗೇ ಇದ್ದು, ಬಿಡುಸಿದ್ದೇ ಇಲ್ಲೆ. ಇನ್ನೊಂದು, ಮಗಳು 2020ರಲ್ಲಿ ಬಾಗಿಲಿಂಗೆ ಅಂಟುಸಿದ ಕಾಗದ. ಕೆಂಪು ಸ್ಕೆಚ್ ಪೆನ್ನಿಲಿ ದೊಡ್ಡಕ್ಕೆ ಬರದ್ದು: ‘ಕ್ಲಾಸು ಆವ್ತಾ ಇದ್ದು. ದೆನಿಗೇಳೆಡಿ.’

ಎರಡನ್ನೂ ಹಿಡ್ಕೊಂಡು ರಜ್ಜ ಹೊತ್ತು ಅಲ್ಲಿಯೇ ಕೂದೆ. ಕೊರೋನಾದ ವರ್ಷ ಎಲ್ಲೋರಿಂಗೂ ಮರದು ಹೋವ್ತಾ ಇದ್ದು. ಅದು ಹೇಂಗಿತ್ತು ಹೇಳಿ ನಾಳೆ ಪುಳ್ಳಿಯಕ್ಕೊ ಕೇಳಿರೆ ಹೇಳ್ಲೆ ನವಗೇ ನೆಂಪು ಇರ. ಹಾಂಗಾಗಿ ಬರದು ಮಡುಗುತ್ತೆ. ಓದಿಕ್ಕಿ ನಿಂಗಳ ಮನೆದುದೇ ನೆಂಪು ಮಾಡಿಗೊಳ್ಳಿ.

2020ರ ಮಾರ್ಚ್ 13, ಶುಕ್ರವಾರ. ಕಲಬುರಗಿಲಿ ತೀರಿಹೋದ ಒಬ್ಬ ಅಜ್ಜಂಗೆ ಕೊರೋನಾ ಇತ್ತು, ದೇಶಲ್ಲೇ ಇದು ಸುರುವಾಣ ಸಾವು ಹೇಳಿ ಮುನ್ನಾಣ ದಿನ ಗೊಂತಾಗಿತ್ತು. ಮುಖ್ಯಮಂತ್ರಿ ಯಡಿಯೂರಪ್ಪ, ಮಾಲು, ಸಿನೆಮಾ ಟಾಕೀಸು, ವಿಶ್ವವಿದ್ಯಾನಿಲಯ ಎಲ್ಲ ಒಂದು ವಾರ ಮುಚ್ಚೆಕ್ಕು ಹೇಳಿದವು. ಎನ್ನ ಮಗಳು ಮಂಗ್ಳೂರಿಲಿ ಹಾಸ್ಟೆಲಿಲಿ ಇದ್ದುಗೊಂಡು ಬಿಎಸ್ಸಿ ಎರಡ್ನೇ ವರ್ಷ ಕಲ್ತೊಂಡಿತ್ತು. ಒಂದು ವಾರ ಅಲ್ಲದೋ ಹೇಳಿ ಮೂರು ಜೊತೆ ವಸ್ತ್ರ, ಒಂದು ರೆಕಾರ್ಡು ಪುಸ್ತಕ ಹಿಡ್ಕೊಂಡು ಬಸ್ಸು ಹತ್ತಿತ್ತು. 22ಕ್ಕೆ ಜನತಾ ಕರ್ಫ್ಯೂ ಆತು. 24ರ ಇರುಳು ಪ್ರಧಾನಿ ಟಿವಿಲಿ ಬಂದು 21 ದಿನ ಆರುದೇ ಹೆರ ಇಳಿವಲಾಗ ಹೇಳಿದವು. ಮಗಳ ಒಂದು ವಾರದ ರಜೆ ಎಂಟು ತಿಂಗಳಾತು. ಕರ್ನಾಟಕಲ್ಲಿ ಡಿಗ್ರಿ ಕೋಲೇಜಿನ ಬಾಗಿಲು ಮತ್ತೆ ತೆಗದ್ದು ನವೆಂಬರ್ 17ಕ್ಕೆ.

ಸುರುವಿಂಗೆ ಎಂಗೊಗೆಲ್ಲ ಕೊಶಿಯೇ. ಮಕ್ಕೊ ಇಬ್ರುದೇ ಮನೆಲಿ. ಮಗ ಬೆಂಗ್ಳೂರಿನ ಕಂಪೆನಿ ಕೆಲಸವ ಲೇಪ್‌ಟಾಪಿಲಿ ಹಿಡ್ಕೊಂಡು ಬಂದಿತ್ತಿದ್ದ. ಹಲಸಿನಕಾಯಿ ಸಮಯ. ಹಪ್ಪಳ ಮಾಡಿದೆಯೊ, ಉಪ್ಪಿಲಿ ಸೊಳೆ ಹಾಕಿದೆಯೊ. ಏಪ್ರಿಲಿಲಿ ಮಗಳ ಫೋನಿಂಗೆ ಒಂದು ಲಿಂಕು ಬಂತು. ನಾಳೆಂದ ಉದಿಯಪ್ಪಗ ಹತ್ತು ಗಂಟೆಗೆ ಕ್ಲಾಸು ಹೇಳಿ.

ಕ್ಲಾಸು ಬಂತು, ಕೂಪಲೆ ಜಾಗೆ ಬೇಕನ್ನೆ! ಎಂಗಳ ಮನೆಲಿ ಸಿಗ್ನಲ್ ಲಾಯ್ಕಕ್ಕೆ ಸಿಕ್ಕುದು ಉಪ್ಪರಿಗೆಯ ಮೂಡ ಹೊಡೆಯ ಕೋಣೆಲಿ ಮಾಂತ್ರ. ಆ ಕೋಣೆ ಮಗಂಗೆ ಕೊಟ್ಟಾಗಿತ್ತು. ಅವಂಗೆ ಸಂಬಳದ ಕೆಲಸ ಅಲ್ಲದೋ. ಮಗಳು ಜೆಗಿಲಿಯ ಕರೆಲಿ, ಕಿಟಿಕಿಯ ಹತ್ರೆ, ಅಕ್ಕಿ ಡಬ್ಬಿಯ ಮೇಗೆ ಫೋನು ನಿಲ್ಸಿ ಕೂದತ್ತು. ಝೂಮಿಲಿ ಪೈಸೆ ಕೊಡದ್ರೆ 40 ನಿಮಿಷಕ್ಕೆ ಕ್ಲಾಸು ತುಂಡಾವ್ತು. ಮತ್ತೆ ಪುನಾ ಸೇರೆಕ್ಕು. ಏಪ್ರಿಲ್, ಮೇ ಹೇಳಿರೆ ಎಂಗಳಲ್ಲಿ ಹೊತ್ತೋಪಗ ಗುಡುಗು, ಸೆಡ್ಲು. ಸೆಡ್ಲು ಬಂದರೆ ಮೋಡೆಮ್ಮಿನ ವಯರು ಎಳದು ಮಡುಗೆಕ್ಕು, ಇಲ್ಲದ್ರೆ ಅದು ಹೊತ್ತಿ ಹೋವ್ತು. ಮಳೆ ಹಿಡುದರೆ ಕರೆಂಟೂ ಇಲ್ಲೆ. ದಿನಕ್ಕೆ ಒಂದೂವರೆ ಜಿಬಿ ಡಾಟಾಲ್ಲಿ ಮೂರು ಕ್ಲಾಸು ಮುಗಿವಗ ನೀರು ಮುಗುದ ಕೊಡಪಾನದ ಹಾಂಗೆ ಖಾಲಿ.

ಎಂಗೊ ಆದರೂ ಪುಣ್ಯವಂತರು. ಗುಡ್ಡೆ ಹತ್ತಿ, ಮರದ ಬುಡಲ್ಲಿ ಟಾರ್ಪಾಲು ಕಟ್ಟಿ ಕ್ಲಾಸು ಕೇಳಿದ ಮಕ್ಕೊ ಎಷ್ಟೋ ಜೆನ ಇತ್ತಿದ್ದವು. 2021ರ ಜೂನಿಲಿ ಸುಳ್ಯದ ಹೊಡೆಣ ಒಂದು ಫೋಟೋ ಎಲ್ಲೋರ ಫೋನಿಂಗೂ ಬಂತು, ನಿಂಗಳೂ ನೋಡಿಪ್ಪಿ. ಜಡಿಮಳೆಗೆ ಮಾರ್ಗದ ಕರೆಲಿ ಒಂದು ಕೂಸು ಕೂದು ಫೋನಿಲಿ ಪಾಠ ಕೇಳುದು, ಅಪ್ಪ ನಿಂದು ಕೊಡೆ ಹಿಡಿವದು. ಅದು ಹತ್ತನೇ ಕ್ಲಾಸಿನ ಕೂಸು. ಎನಗೆ ಆ ಫೋಟೋ ನೋಡುವಗ ಮಳೆ ಕಂಡಿದಿಲ್ಲೆ, ಅಪ್ಪನ ಕೈ ಕಂಡತ್ತು. ಕೂಸು ಓದುವಷ್ಟು ಹೊತ್ತು ಇನ್ನೊಬ್ಬ ಅಲ್ಲಿ ನಿಂದಿತ್ತಿದ್ದ.

ಇನ್ನೊಂದು ಸಂಗತಿ. ಮಾರ್ಚಿಲಿ ತಲಪಾಡಿಲಿ ಗಡಿ ಮುಚ್ಚಿತ್ತು, ಸಣ್ಣ ಮಾರ್ಗಕ್ಕೆಲ್ಲ ಮಣ್ಣು ಹಾಕಿದವು. ಎನ್ನ ನಾದಿನಿಯ ಮನೆ ಕಾಸರಗೋಡಿನ ಹೊಡೆಲಿ. ಅದರ ಮಗಳುದೇ ಮಂಗ್ಳೂರಿಂಗೆ ಕಲಿವಲೆ ಹೋಪದು. ಮದ್ದಿಂಗೆ ಬಪ್ಪಲೆ ಗಡಿ ದಾಂಟ್ಲೆ ಎಡಿಯದ್ದ ಆ ದಿನಂಗಳಲ್ಲಿ, ಎರಡು ಹೊಡೆಣ ಕೂಸುಗೊ ಒಂದೇ ಕ್ಲಾಸಿಲಿ ‘ಪ್ರೆಸೆಂಟ್ ಮೇಡಂ’ ಹೇಳಿಗೊಂಡಿತ್ತವು. ಒಳ್ಳೆದನ್ನುದೇ ಹೇಳೆಕ್ಕನ್ನೆ.

ರೋಗದ ಕಾಲಲ್ಲಿ ಪಾಠ ಮನೆಗೆ ಬಂದದು ಇದೇ ಸುರು ಅಲ್ಲ. 1937ರ ಸೆಪ್ಟೆಂಬರಿಲಿ ಅಮೇರಿಕದ ಶಿಕಾಗೋಲಿ ಪೋಲಿಯೋ ಹರಡಿ ಶಾಲೆ ತೆಗವಲೆ ಎಡಿಗಾಯಿದಿಲ್ಲೆ. ಅಂಬಗ ಅಲ್ಲಿಯಾಣ ಮಾಷ್ಟ್ರಕ್ಕೊ ರೇಡಿಯೋಲಿ ಪಾಠ ಹೇಳಿದವು. ಏವ ಹೊತ್ತಿಂಗೆ ಏವ ಕ್ಲಾಸು ಹೇಳಿ ಪೇಪರಿಲಿ ಹಾಕಿಗೊಂಡಿತ್ತವು. ಅದು ಕೆಲವು ವಾರದ ಕತೆ. ನಮ್ಮ ಮಕ್ಕಳದ್ದು ವರ್ಷಗಟ್ಲೆ ಆತು.

ಈಗ ಎನ್ನ ತಪ್ಪಿಂಗೆ ಬತ್ತೆ.

ಆಟಿ ತಿಂಗಳು. ತೋಟಕ್ಕೆ ಎರಡ್ನೇ ಸರ್ತಿ ಮದ್ದು ಬಿಡುವ ಸಮಯ. ಒಂದು ದಿನ ಬೆಶಿಲು ಬಂತು, ಆರು ಜೆನ ಆಳುಗೊ ಬಂದವು. ಅದೇ ದಿನ ಮಗಳಿಂಗೆ ಸೆಮಿನಾರು. ಅದರ ವಿಷಯ ಎಂತರ ಗೊಂತಿದ್ದೋ? ಅಡಕ್ಕೆಯ ಕೊಳೆರೋಗ! ಮಗಳು ಒಂದು ವಾರ ಕೂದು ಬರದಿತ್ತು. ಕೊಳೆರೋಗ ತಪ್ಪದು ಮಳೆಗಾಲಲ್ಲಿ ಹಬ್ಬುವ ಫೈಟೋಫ್ತೋರಾ ಹೇಳ್ತ ಜೀವಿಂದ. ಮೈಲುತುತ್ತು, ಸುಣ್ಣ ಸೇರ್ಸಿದ ಬೋರ್ಡೋ ಮದ್ದಿನ ಗುಣವ ಫ್ರಾನ್ಸಿಲಿ ಮಿಲಾರ್ಡೆ 1885ರಲ್ಲಿ ದ್ರಾಕ್ಷೆ ಬಳ್ಳಿಲಿ ತೋರ್ಸಿಕೊಟ್ಟದು. ಮೈಸೂರು ಸಂಸ್ಥಾನಲ್ಲಿ ಕೆಲಸಕ್ಕಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ನಮ್ಮ ಕೊಳೆರೋಗದ ಮೇಲೆ 1910ರಲ್ಲಿ ಬರದ್ದು. ಇದೆಲ್ಲ ಎನಗೆ ಗೊಂತಾದ್ದು ಮತ್ತೆ, ಅದರ ಪುಸ್ತಕ ಓದಿಯಪ್ಪಗ. ಆ ದಿನ ಎನಗೆ ಗೊಂತಿದ್ದದು ಆಳುಗೊಕ್ಕೆ ಹತ್ತು ಗಂಟೆಯ ಚಾಯ ಆಯಿದಿಲ್ಲೆ ಹೇಳಿ ಮಾಂತ್ರ.

ಒಂದರಿ ದೆನಿಗೇಳಿದೆ. ಉತ್ತರ ಇಲ್ಲೆ. ಎರಡು ಸರ್ತಿ ದೆನಿಗೇಳಿದೆ. ಮೂರ್ನೇ ಸರ್ತಿಗೆ ಅಡಿಗೆ ಒಳಂದ ಬಂದು, ‘ಅಷ್ಟು ಹೊತ್ತಿಂದ ಬೊಬ್ಬೆ ಹೊಡೆತ್ತೆ, ಕೆಮಿ ಕೇಳ್ತಿಲ್ಲೆಯೋ? ಫೋನು ಮಡುಗಿ ಚಾಯ ಕೊಟ್ಟಿಕ್ಕಿ ಬಾ’ ಹೇಳಿದೆ. ಮೈಕು ಓನ್ ಇತ್ತು. ಅರುವತ್ತು ಮಕ್ಕೊ, ಒಬ್ಬ ಮೇಡಂ, ಎಲ್ಲೋರಿಂಗೂ ಕೇಳಿತ್ತು. ಆರೋ ನೆಗೆ ಮಾಡಿದವು. ಮೇಡಂ ‘ಮನೆ ಕೆಲಸ ಮುಗುಸಿಕ್ಕಿ ಬಾಮ್ಮಾ’ ಹೇಳಿದವಡ. ಮಗಳು ಎದ್ದು ಬಂದು ಚಾಯ ಸೋಸಿ ಕೊಟ್ಟತ್ತು. ಪುನಾ ಹೋಗಿ ಕೂಪಗ ನೆಟ್ಟು ಇಲ್ಲೆ. ನೆಟ್ಟು ಬಪ್ಪಗ ಅದರ ಸರದಿ ಕಳುದು ಇನ್ನೊಬ್ಬ ಮಾತಾಡಿಗೊಂಡಿತ್ತಿದ್ದ. ಪಟ್ಟಿಲಿ ಅದರ ಹೆಸರಿನ ಎದುರು ಆಬ್ಸೆಂಟ್.

ಕೂಗಿದಿಲ್ಲೆ, ಬೈದಿದಿಲ್ಲೆ. ಎರಡು ದಿನ ಎನ್ನತ್ರೆ ಮಾತಾಡಿದ್ದೂ ಇಲ್ಲೆ. ಮೂರ್ನೇ ದಿನ ಪಾತ್ರ ತೊಳೆತ್ತಾ ಇಪ್ಪಗ ಸಣ್ಣಕ್ಕೆ ಕೇಳಿತ್ತು: ‘ಅಮ್ಮಾ, ಅಣ್ಣ ಮೀಟಿಂಗಿಲಿ ಇಪ್ಪಗ ನೀನು ಒಂದರಿಯಾದರೂ ಅವನ ಬಾಗಿಲು ಬಡುದ್ದಿದ್ದೋ? ಅವಂಗೆ ಚಾಯ ಮೇಗಂಗೆ ಹೋವ್ತು. ಆನು ಚಾಯ ಮಾಡ್ಲೆ ಕೆಳ ಬರೆಕ್ಕೋ?’

ಎನ್ನತ್ರೆ ಉತ್ತರ ಇತ್ತಿಲ್ಲೆ. ಇದು ಎಂಗಳ ಒಂದು ಮನೆಯ ಕತೆ ಅಲ್ಲ ಹೇಳಿ ಮತ್ತೆ ಓದಿದೆ. ಕೇಂದ್ರ ಸರ್ಕಾರ 2019ರಲ್ಲಿ, ಕೊರೋನಾ ಬಪ್ಪ ಮದಲೇ, ಜೆನಂಗೊ ದಿನವ ಹೇಂಗೆ ಕಳೆತ್ತವು ಹೇಳಿ ಲೆಕ್ಕ ತೆಗದಿತ್ತು. ಸಂಬಳ ಇಲ್ಲದ್ದ ಮನೆಕೆಲಸಕ್ಕೆ ಕೈ ಹಾಕಿದ ಹೆಮ್ಮಕ್ಕೊ ದಿನಕ್ಕೆ ಸರಾಸರಿ 299 ನಿಮಿಷ ಮಾಡ್ತವು, ಗೆಂಡುಮಕ್ಕೊ 97 ನಿಮಿಷ. ಹೆಚ್ಚುಕಮ್ಮಿ ಐದು ಗಂಟೆ ಒಂದು ಹೊಡೆಲಿ, ಒಂದೂವರೆ ಗಂಟೆ ಇನ್ನೊಂದು ಹೊಡೆಲಿ. ಕೋಲೇಜಿಲಿ ಇಪ್ಪ ಕೂಸಿಂಗೆ ಈ ಲೆಕ್ಕ ತಟ್ಟುತ್ತಿಲ್ಲೆ. ಮನೆಗೆ ಬಂದ ಕೂಡ್ಲೇ ತಟ್ಟುತ್ತು. ಹಾಸ್ಟೆಲು ಹೇಳಿರೆ ಊಟ, ಮಂಚ ಮಾಂತ್ರ ಅಲ್ಲ. ಅಲ್ಲಿ ಆರುದೇ ದೆನಿಗೇಳ್ತವಿಲ್ಲೆ.

ಆ ಇರುಳು ಎನಗೆ ಎನ್ನ ಪಾಠದ ಕಟ್ಟ ನೆಂಪಾತು. ನಮ್ಮ ದೇಶಲ್ಲಿ ಅಂಚೆಲಿ ಪಾಠ ಕಳುಸಿ ಡಿಗ್ರಿ ಕೊಡುದು ಸುರುವಾದ್ದು 1962ರಲ್ಲಿ, ದೆಹಲಿ ವಿಶ್ವವಿದ್ಯಾನಿಲಯಲ್ಲಿ. ಮೈಸೂರಿಲಿ 1969ರಲ್ಲಿ ಸುರುವಾತು. ಮತ್ತೆ 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಆತು. ಮದುವೆ ಆಗಿ ಕೋಲೇಜು ಬಿಟ್ಟ ಎನ್ನ ಹಾಂಗಿಪ್ಪ ಹೆಮ್ಮಕ್ಕೊಗೆ ಅದು ದೊಡ್ಡ ಆಶೆ. ಎನ್ನ ಮದುವೆ 1988ರಲ್ಲಿ, ಪಿಯುಸಿ ಮುಗುದ ಕೂಡ್ಲೇ. ಎರಡು ವರ್ಷ ಕಳುದು ಬಿಎಗೆ ಪೈಸೆ ಕಟ್ಟಿದೆ. ಕಟ್ಟಿದ್ದು ಎನ್ನ ಅಪ್ಪ. ಮನೆಲಿ ಆರುದೇ ‘ಬೇಡ’ ಹೇಳಿದ್ದವಿಲ್ಲೆ. ‘ಪುರುಸೊತ್ತಪ್ಪಗ ಓದು’ ಹೇಳಿದವು. ಆ ಪುರುಸೊತ್ತು ಬಯಿಂದಿಲ್ಲೆ. ಸುರುವಾಣ ಕಟ್ಟವ ಅಡಿಗೆ ಒಳ ಒಲೆಯ ಹತ್ರೆ ಕೂದು ರಜ್ಜ ಓದಿದೆ. ಎರಡ್ನೇ ಕಟ್ಟ ಬಪ್ಪಗ ಮಗ ಹೊಟ್ಟೆಲಿ. ಅದರ ದಾರ ಬಿಡುಸಿದ್ದೇ ಇಲ್ಲೆ. ‘ಎನಗೆ ಓದ್ಲೆ ತಲೆ ಇತ್ತಿಲ್ಲೆ’ ಹೇಳಿ ಮೂವತ್ತು ವರ್ಷ ಎಲ್ಲೋರತ್ರೂ ಹೇಳಿಗೊಂಡು ಬಂದೆ. ತಲೆ ಇತ್ತು. ಬಾಗಿಲು ಹಾಕ್ಲೆ ಎಡಿಗಪ್ಪ ಒಂದು ಕೋಣೆ, ದೆನಿಗೇಳದ್ದ ಎರಡು ಗಂಟೆ ಇತ್ತಿಲ್ಲೆ. ಅದನ್ನೇ ಆನು ಮಗಳಿಂದಲೂ ತೆಗದೆ ಹೇಳಿ ಆ ಇರುಳು ಗೊಂತಾತು.

ಮರುದಿನ ಎಲ್ಲೋರು ಉಂಬಲೆ ಕೂದಿಪ್ಪಗ ಹೇಳಿದೆ. ಉದಿಯಪ್ಪಗ ಹತ್ತರಿಂದ ಒಂದು ಗಂಟೆ ವರೆಗೆ ಮೂಡ ಹೊಡೆಯ ಕೋಣೆ ಕೂಸಿಂಗೆ. ಮಗ ರಜ್ಜ ಮೋರೆ ಪೀಂಟುಸಿದ, ‘ಎನ್ನ ಮೀಟಿಂಗು?’ ಹೇಳಿದ. ಮೀಟಿಂಗು ಜೆಗಿಲಿಲಿ ಆಗಲಿ, ಅಕ್ಕಿ ಡಬ್ಬಿ ಅಲ್ಲಿಯೇ ಇದ್ದನ್ನೆ ಹೇಳಿದೆ. ಇವು ಎಂತದೂ ಹೇಳಿದ್ದವಿಲ್ಲೆ. ಆದರೆ ಮರುದಿನ ಹತ್ತು ಗಂಟೆಗೆ ಇವೇ ಅಡಿಗೆ ಒಳ ಬಂದು, ‘ಸಕ್ಕರೆ ಎಲ್ಲಿ ಮಡುಗುತ್ತೆ ನೀನು?’ ಕೇಳಿದವು. ಮದುವೆ ಆಗಿ 32 ವರ್ಷಲ್ಲಿ ಸುರು! ಮಗಳು ಆ ದಿನವೇ ಕೆಂಪು ಅಕ್ಷರದ ಕಾಗದ ಬರದು ಬಾಗಿಲಿಂಗೆ ಅಂಟುಸಿತ್ತು.

ಎಲ್ಲ ಸರಿ ಆತು ಹೇಳಿ ಅಲ್ಲ. ಆ ಸೆಮಿನಾರಿನ ಮಾರ್ಕು ಬಯಿಂದೇ ಇಲ್ಲೆ. ಮಗಳು ಮೈಲು ಬರದತ್ತು, ‘ಮುಂದಾಣ ಸರ್ತಿ ನೋಡುವೊ’ ಹೇಳಿ ಉತ್ತರ ಬಂತು, ಅಷ್ಟೇ. ಆದರೆ ಅತ್ತೆಯ ಕತೆ ಹೇಳೆಕ್ಕು. 80 ದಾಂಟಿದ ಅತ್ತೆ ದಿನಾಗುಳೂ ಜೆಪಮಣಿ ಹಿಡ್ಕೊಂಡು ಆ ಬಾಗಿಲ ಹತ್ರೆ ಕೂಪಲೆ ಸುರು ಮಾಡಿದವು. ‘ಇಂಗ್ಲೀಷು ಅರ್ಥ ಆವ್ತೋ ಅತ್ತೆ?’ ಕೇಳಿರೆ, ‘ಅರ್ಥ ಆಯೆಕ್ಕು ಹೇಳಿ ಎಂತ ಇದ್ದು? ಆನು ಶಾಲೆಗೆ ಹೋದ್ದು ಮೂರ್ನೇ ಕ್ಲಾಸು ವರೆಗೆ. ಕೋಲೇಜು ಹೇಂಗಿರ್ತು ಹೇಳಿ ಕೇಳ್ತಾ ಇದ್ದೆ’ ಹೇಳಿದವು. ಮಗಳು ಹೊತ್ತೋಪಗ ಅವಕ್ಕೆ ಕನ್ನಡಲ್ಲಿ ಹೇಳಿಗೊಂಡಿತ್ತು, ಎಲೆ ಹೇಂಗೆ ಉಸುಲು ತೆಕ್ಕೊಳ್ತು, ಹೂಗಿನ ಒಳ ಎಂತ ಇದ್ದು ಹೇಳಿ. ಅಜ್ಜಿಗೆ ಹೇಳಿ ಹೇಳಿ ಪರೀಕ್ಷೆಗೆ ಬಾಯಿಪಾಠ ಆತಡ.

ನವೆಂಬರಿಲಿ ಕೋಲೇಜು ತೆಗವಗ ಕೊರೋನಾ ಇಲ್ಲೆ ಹೇಳ್ತ ರಿಪೋರ್ಟು, ಅಪ್ಪ ಅಮ್ಮನ ಒಪ್ಪಿಗೆ ಪತ್ರ ಎರಡೂ ಬೇಕಿತ್ತು. ಪತ್ರಕ್ಕೆ ಆನು ಸಹಿ ಹಾಕಿದೆ. 2021ರ ಏಪ್ರಿಲ್ 27ರ ಇರುಳಿಂದ ರಾಜ್ಯ ಪುನಾ ಬಂದಾತು, ಕೂಸು ಪುನಾ ಮನೆಗೆ ಬಂತು. ಆ ಸರ್ತಿ ರೋಗ ಹತ್ರೆಯೇ ಬಂತು. ನೆರೆಕರೆಲಿ ಜೆನ ಹೋದವು. ಒಂದು ಹೊಡೆಲಿ ಸಾವಿನ ಸುದ್ದಿ, ಒಂದು ಹೊಡೆಲಿ ಫೋನಿಲಿ ಪಾಠ. ಆದರೆ ಆ ಸರ್ತಿ ಕೋಣೆ ಆರಿಂಗೆ ಹೇಳಿ ಆರುದೇ ಕೇಳಿದ್ದವಿಲ್ಲೆ. ಜುಲೈ 26ಕ್ಕೆ, ಒಂದು ಡೋಸು ಲಸಿಕೆ ಆದ ಮಕ್ಕೊಗೆ ಕೋಲೇಜು ತೆಗದವು. ಮಗಳು ಹೆರಡುವಗ ಬಾಗಿಲಿನ ಕಾಗದ ಕಿತ್ತು ಇಡ್ಕಿದ್ದಿಲ್ಲೆ. ಆನೇ ತೆಗದು ಮಡುಗಿದೆ.

ಈಗ ಮಕ್ಕೊ ಮನೆಂದಲೇ ಎಂತೆಂತ ಕೋರ್ಸು ಮಾಡ್ತವು. ಸೊಸೆಕ್ಕೊ ಮನೆಲಿ ಕೂದೇ ಕೆಲಸ ಮಾಡ್ತವು. ‘ಮನೆಲಿಯೇ ಇದ್ದನ್ನೆ’ ಹೇಳಿ ನಾವು ದೆನಿಗೇಳ್ತು. ದೆನಿಗೇಳುವ ಮದಲು ಒಂದರಿ ಬಾಗಿಲು ನೋಡಿ. ಕಾಗದ ಅಂಟುಸದ್ರೂ ಒಳ ಕ್ಲಾಸು ಆವ್ತಾ ಇಕ್ಕು.

ಎನ್ನ ಕಟ್ಟದ ದಾರ ಈ ವಾರ ಬಿಡುಸಿದೆ. ಕಾಗದ ಹಳದಿ ಆಯಿದು, ಅಕ್ಷರ ಸಣ್ಣ. ಸುರುವಾಣ ಪಾಠ ಕರ್ನಾಟಕದ ಇತಿಹಾಸ. ಹೊತ್ತೋಪಗ ನಾಲ್ಕರಿಂದ ಐದು ಗಂಟೆ ವರೆಗೆ ಓದುದು ಹೇಳಿ ಮಾಡಿದ್ದೆ. ಆ ಹೊತ್ತಿಂಗೆ ಫೋನು ಮಾಡೆಡಿ, ಐದು ಗಂಟೆ ಕಳುದು ಮಾಡಿ. ನಿಂಗಳ ಮನೆಯ ಆ ವರ್ಷದ ಕತೆ ಆನುದೇ ಕೇಳೆಕ್ಕು.