ಜೀರ್ಣೋದ್ಧಾರಗೊಂಡ ಬಾಂಬರುಗಳು

ಶಿಥಿಲವಾದ ಗುಡಿಯನ್ನು ಮರಳಿ ನಿಲ್ಲಿಸುವ ಕೆಲಸಕ್ಕೆ ನಮ್ಮ ಹಿರಿಯರು ಜೀರ್ಣೋದ್ಧಾರವೆಂದು ಹೆಸರಿಟ್ಟರು. ಹೊಸದಾಗಿ ದಾನ ಮಾಡುವುದಕ್ಕಿಂತ ಹಿಂದಿನವರು ಕೊಟ್ಟುದನ್ನು ಕಾಪಾಡುವುದು ಮಿಗಿಲೆಂಬ ಭಾವ ನಮ್ಮ ಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಯುದ್ಧವಿಮಾನಕ್ಕೆ ಈ ಮಾತನ್ನು ಅನ್ವಯಿಸಿದರೆ ಕೆಲವರಿಗೆ ವಿಚಿತ್ರವೆನಿಸೀತು. ಆದರೂ ಬೆಂಗಳೂರಿನ ಚರಿತ್ರೆಯ ಒಂದು ಅಧ್ಯಾಯಕ್ಕೆ ಇದಕ್ಕಿಂತ ಒಪ್ಪುವ ಪದ ನನಗೆ ತೋರದು.

ನಾನು ವಾಸಿಸುವ ಹೊಸಹಳ್ಳಿ ಈ ನಗರದ ಪಡುವಣಕ್ಕಿದೆ. ವಿಮಾನ ಕಾರ್ಖಾನೆ ಇರುವುದು ಮೂಡಣ ದಿಕ್ಕಿನಲ್ಲಿ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದೊಡನೆ ಕೂಡಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಸ್ಥಾಪಿಸಿದರು. ಆಗ ಸರ್ ಮಿರ್ಜಾ ಇಸ್ಮಾಯಿಲರು ದಿವಾನರು. ಸ್ಥಾಪಕರ ಹಂಬಲ ವಿಮಾನ ಕಟ್ಟುವುದಾಗಿತ್ತು. ಯುದ್ಧವು ಅದನ್ನು ದುರಸ್ತಿಯ ಶಾಲೆಯಾಗಿ ಮಾರ್ಪಡಿಸಿತು. 1943ರಲ್ಲಿ ಅದರ ಆಡಳಿತ ಅಮೆರಿಕದ ವಾಯುಸೇನೆಯ ಕೈಸೇರಿತು. ಗಾಯಗೊಂಡು ಬಂದ ವಿಮಾನಗಳನ್ನು ಬಿಚ್ಚಿ ಜೋಡಿಸುತ್ತಲೇ ನಮ್ಮವರು ವಿದ್ಯೆ ಕಲಿತರು. ಯುದ್ಧ ಮುಗಿದಾಗ ಕೈಗೆ ಕೆಲಸ ಬೇಕಲ್ಲ? ರೈಲಿನ ಬೋಗಿಗಳನ್ನೂ ಬಸ್ಸಿನ ಮೈಗಳನ್ನೂ ಕಟ್ಟಿದರು.

ಅತ್ತ ಕಾನಪುರದ ಬಯಲಿನಲ್ಲಿ ಲಿಬರೇಟರ್ ಬಾಂಬರುಗಳು ಸಾಲಾಗಿ ಬಿದ್ದಿದ್ದವು. ನಾಲ್ಕು ಎಂಜಿನುಗಳ, 110 ಅಡಿ ರೆಕ್ಕೆಹರವಿನ ಭಾರಿ ವಿಮಾನಗಳವು. ಅಮೆರಿಕವು ಬ್ರಿಟಿಷರಿಗೆ ಯುದ್ಧಕಾಲದ ಎರವಲಾಗಿ ಕೊಟ್ಟವು. ಕರಾರಿನಂತೆ ಹಿಂದಿರುಗಿಸಬೇಕು, ಇಲ್ಲವೆ ಯಾರ ಉಪಯೋಗಕ್ಕೂ ಬಾರದಂತೆ ಕೆಡಿಸಬೇಕು. ಬ್ರಿಟಿಷರು ಕೆಡಿಸಿಯೇ ಹೋಗಿದ್ದರು.

ಸ್ವತಂತ್ರ ಭಾರತಕ್ಕೆ ಬಾಂಬರುಗಳ ಅಗತ್ಯವಿತ್ತು. ಬೆಂಗಳೂರಿನ ಕುಶಲಿಗಳು ಆ ಗುಜರಿಯಲ್ಲಿ ಹುಡುಕಿ, ಒಂದರ ಅಂಗವನ್ನು ಇನ್ನೊಂದಕ್ಕೆ ಜೋಡಿಸಿ, ಒಮ್ಮೆ ಹಾರಲು ಸಾಕೆನ್ನುವಷ್ಟು ಸರಿಪಡಿಸಿದರು. ಕಾರ್ಖಾನೆಯ ಪರೀಕ್ಷಾ ವೈಮಾನಿಕ ಜಮ್ಶೇದ್ ಮುನ್ಷಿಯವರು ಅವನ್ನು ಒಂದೊಂದಾಗಿ ಸುಮಾರು 1,500 ಕಿಲೋಮೀಟರು ದೂರದ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ಣ ದುರಸ್ತಿ ನಡೆಯಿತು. ಹೀಗೆ ಸುಮಾರು 40 ವಿಮಾನಗಳು ಜೀವ ತಳೆದವು. 1948ರ ನವೆಂಬರಿನಲ್ಲಿ ವಾಯುಪಡೆಯ 5ನೆಯ ಸ್ಕ್ವಾಡ್ರನ್ ಇವುಗಳೊಂದಿಗೇ ಹುಟ್ಟಿತು. ಕಡಲಕಾವಲಿಗೆ ನಿಂತ ಕೆಲವು ಲಿಬರೇಟರುಗಳು ಸುಮಾರು 1968ರ ತನಕ ದುಡಿದವು.

ಇಂಗ್ಲೆಂಡಿನ ಡಕ್ಸ್‌ಫರ್ಡಿನಲ್ಲಿ ಬ್ಲೆನ್‌ಹೀಮ್ ಎಂಬ ಹಗುರ ಬಾಂಬರಿನ ಉದ್ಧಾರವೂ ಪ್ರಸಿದ್ಧವಾದುದೇ. 1987ರಲ್ಲಿ ಹಾರಿದ್ದು ತಿಂಗಳೊಳಗೆ ಬಿತ್ತು. 1993ರಲ್ಲಿ ಹಾರಿದ್ದು 2003ರಲ್ಲಿ ನೆಲಕ್ಕಪ್ಪಳಿಸಿತು. ಆ ಹಟವಾದಿಗಳು 2014ರಲ್ಲಿ ಮತ್ತೆ ಹಾರಿಸಿದರು. ಅದು ನೆನಪಿಗಾಗಿ ನಡೆದ ಉದ್ಧಾರ. ನಮ್ಮದು ನಾಳಿನ ಅಗತ್ಯಕ್ಕಾಗಿ ನಡೆದದ್ದು. ಎರಡರಲ್ಲೂ ತಾಳ್ಮೆ ಒಂದೇ. ಆದರೆ ನೆನಪಿಗಾಗಿ ದುಡಿದವರನ್ನು ಲೋಕ ನೆನೆಯುತ್ತದೆ, ಅಗತ್ಯಕ್ಕಾಗಿ ದುಡಿದವರನ್ನು ಮರೆಯುತ್ತದೆ.

ಇದಕ್ಕೆ ಸಾಕ್ಷಿ ದೂರದ ದೇಶಗಳಲ್ಲಿದೆ. ಭಾರತದ ಸೇವೆಯಿಂದ ನಿವೃತ್ತವಾದ ಲಿಬರೇಟರುಗಳು ಕೆನಡಾಕ್ಕೆ, 1969ರಲ್ಲಿ ಅಮೆರಿಕದ ಟೂಸಾನಿಗೆ, 1974ರಲ್ಲಿ ಬ್ರಿಟನ್ನಿಗೆ ಹೋಗಿ ವಸ್ತುಸಂಗ್ರಹಾಲಯಗಳನ್ನು ಸೇರಿದವು. 18,000ಕ್ಕೂ ಹೆಚ್ಚು ತಯಾರಾದ ಈ ಜಾತಿಯಲ್ಲಿ ಉಳಿದವು ಬೆರಳೆಣಿಕೆಯಷ್ಟು; ಅವುಗಳಲ್ಲಿ ಹಲವು ಉಳಿದದ್ದು ಬೆಂಗಳೂರಿನ ಕೈಗಳಿಂದ. ಅವು ಎಸೆಯಲೆಂದೇ ಹುಟ್ಟಿದ ಬಾಂಬುಗಳನ್ನು ನಾನು ಮರೆತಿಲ್ಲ. ಆದುದರಿಂದ ಯಂತ್ರಕ್ಕೆ ನನ್ನ ನಮಸ್ಕಾರವಿಲ್ಲ. ನಮಸ್ಕಾರ ಕೆಲಸಕ್ಕೆ.

ಕಟ್ಟಿದವನ ಹೆಸರು ಫಲಕದ ಮೇಲೆ ನಿಲ್ಲುತ್ತದೆ; ದುರಸ್ತಿ ಮಾಡಿದವನದು ಅಳಿಯುತ್ತದೆ. 1951ರಲ್ಲಿ ಎಚ್‌ಟಿ-2 ಎಂಬ ನಮ್ಮದೇ ವಿನ್ಯಾಸದ ತರಬೇತಿ ವಿಮಾನ ಬೆಂಗಳೂರಿನ ಆಕಾಶಕ್ಕೇರಿದಾಗ ಊರು ಹೆಮ್ಮೆಪಟ್ಟಿತು. ಆ ಹೆಮ್ಮೆಗೆ ತಳಪಾಯವಾದದ್ದು ಪರರು ಕೆಡಿಸಿ ಬಿಟ್ಟುಹೋದುದನ್ನು ತಿದ್ದಿ ತಿದ್ದಿ ಗಳಿಸಿದ ಹದ. ಶಾಸನ ಬರೆದವರು ಇಂದು ಇದ್ದಿದ್ದರೆ, ಆ ರಿವೆಟ್ ಬಡಿದವರಿಗೂ ಒಂದು ಸಾಲು ಕೊಡುತ್ತಿದ್ದರು.